ಹೊಗೆಗೆ ಹೊಡೆದ ಮೊಳೆ

ನಾನು ಇಪ್ಪತ್ತೆರಡು ವರ್ಷ ಮುಖಗಳ ಮೇಲೆ ಪೆನ್ಸಿಲ್ ಆಡಿಸಿದವಳು. ಸಾಗರದಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇತ್ತು. ಕ್ಯಾಮೆರಾ ಹಿಂದೆ ನಮ್ಮವರು. ಒಳಕೋಣೆಯಲ್ಲಿ ಟಚಿಂಗ್ ಮೇಜಿನ ಮುಂದೆ ನಾನು. ಈಗಿನವರಿಗೆ ಟಚಿಂಗ್ ಅಂದರೆ ಏನೆಂದು ಗೊತ್ತಿರಲಿಕ್ಕಿಲ್ಲ. ಸ್ವಲ್ಪ ಹೇಳುತ್ತೇನೆ, ಮುಂದಿನ ಮಾತಿಗೆ ಅದು ಬೇಕು.

ಒಂದು ಇಳಿಜಾರು ಮೇಜು. ಅದರ ನಡುವೆ ಮಂಜು ಗಾಜು. ಕೆಳಗೊಂದು ಕನ್ನಡಿ ಇಟ್ಟು ಕಿಟಕಿಯ ಬೆಳಕನ್ನು ಗಾಜಿನ ಕಡೆ ತಿರುಗಿಸಬೇಕು. ಗಾಜಿನ ಮೇಲೆ ನೆಗೆಟಿವ್. ಹತ್ತಿಯಲ್ಲಿ ಒಂದು ತೊಟ್ಟು ಮೀಡಿಯಂ ಅನ್ನುವ ಅಂಟು ದ್ರವ ತೆಗೆದುಕೊಂಡು ಫಿಲಂಗೆ ಹಚ್ಚಬೇಕು. ಹಚ್ಚದಿದ್ದರೆ ಅದು ಪೆನ್ಸಿಲ್ ಹಿಡಿಯುವುದಿಲ್ಲ. ಪೆನ್ಸಿಲ್ ಮೊನೆಯನ್ನು ಪಾಲಿಶ್ ಪೇಪರ್ ಮೇಲೆ ಸೂಜಿಯ ಹಾಗೆ ಮಸೆದಿಟ್ಟುಕೊಂಡಿರಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಕೂದಲು ಬೆಳ್ಳಗೆ, ಹಲ್ಲು ಕಪ್ಪು. ಹಣೆಯ ಗೆರೆ, ಕಣ್ಣ ಕೆಳಗಿನ ನೆರಳು, ಮೊಡವೆ ಕಲೆ, ಇವೆಲ್ಲ ಪ್ರಿಂಟ್‌ನಲ್ಲಿ ಕಪ್ಪಾಗಿ ಬರುವಂಥವು. ನೆಗೆಟಿವ್‌ನಲ್ಲಿ ಅವೇ ತೆಳ್ಳಗೆ, ಬೆಳಕು ಹಾಯುವ ಹಾಗೆ ಕಾಣುತ್ತವೆ. ಆ ತೆಳು ಜಾಗಗಳನ್ನು ಚುಕ್ಕೆ ಚುಕ್ಕೆಯಾಗಿ ತುಂಬುತ್ತಾ ಹೋಗಬೇಕು. ಆಗ ಪ್ರಿಂಟ್‌ನಲ್ಲಿ ಮುಖ ನುಣ್ಣಗೆ ಬರುತ್ತದೆ. ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಎಲ್ಲೂ ಅಂಚು ಕಾಣಬಾರದು. ಮದುವೆಗೆ ಹೆಣ್ಣು ತೋರಿಸುವ ಫೋಟೊ ಅಂದರೆ ಒಂದಕ್ಕೇ ಅರ್ಧ ಗಂಟೆ ಕೂರುತ್ತಿದ್ದೆ. ಊರಿನ ಎಷ್ಟೋ ಜನ ನನಗೆ ನೆಗೆಟಿವ್‌ನಲ್ಲೇ ಗುರುತು.

ಕಳೆದ ವರ್ಷ ಮಗಳ ಮನೆಗೆಂದು ಆರು ತಿಂಗಳು ಶಿಕಾಗೊಗೆ ಹೋಗಿದ್ದೆ. ಮನೆ ಇರುವುದು ನೇಪರ್‌ವಿಲ್‌ನಲ್ಲಿ. ಅಲ್ಲಿಂದ ರೈಲಿನಲ್ಲಿ ಪೇಟೆಗೆ ಬರಬಹುದು. ನಮ್ಮ ಕಡೆಯಿಂದ ಹೋದ ಅಪ್ಪ ಅಮ್ಮಂದಿರನ್ನು ಮಕ್ಕಳು ಮಿಶಿಗನ್ ಅವೆನ್ಯೂದ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಕರೆದುಕೊಂಡು ಹೋಗುವುದು ವಿವೇಕಾನಂದರಿಗಾಗಿ. 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನ ಶುರುವಾದದ್ದು ಅದೇ ಕಟ್ಟಡದಲ್ಲಿ. ನಾವೂ ಅದಕ್ಕೇ ಹೋದೆವು. ಬಾಗಿಲ ಎರಡೂ ಕಡೆ ಇರುವ ಕಂಚಿನ ಸಿಂಹಗಳ ಹತ್ತಿರ ಫೋಟೊ ತೆಗೆಸಿಕೊಂಡೆವು. ಒಳಗೆ ನಮಸ್ಕಾರ ಮಾಡಿದೆ. ಆಮೇಲೆ ಬಂದವರು ಬಂದಿದ್ದೇವೆ ಅಂತ ಚಿತ್ರಗಳನ್ನು ನೋಡುತ್ತಾ ಹೊರಟೆವು.

2009ರಲ್ಲಿ ಕಟ್ಟಿದ ಹೊಸ ಭಾಗವೊಂದಿದೆ, ಮಾಡರ್ನ್ ವಿಂಗ್ ಅನ್ನುತ್ತಾರೆ. ಅದರ ಮೂರನೇ ಮಹಡಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಚಿತ್ರವಲ್ಲ, ಬೆಳಕು. ಛಾವಣಿಯಿಂದ ಸೋಸಿಕೊಂಡು ಇಳಿಯುವ ಹಗಲಿನ ಬೆಳಕು. ಎಲ್ಲೂ ಗಟ್ಟಿ ನೆರಳಿಲ್ಲ. ಇಂಥ ಬೆಳಕಿಗಾಗಿ ನಮ್ಮವರು ಕಿಟಕಿಗೆ ಹಳೇ ಪಂಚೆ ಕಟ್ಟಿ ಎಷ್ಟು ಒದ್ದಾಡುತ್ತಿದ್ದರು! ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಅಲ್ಲಿ ಎದುರಿಗೆ ಇದ್ದದ್ದು ಆ ಚಿತ್ರ.

ಒಂದು ಮೀಟರ್ ಎತ್ತರ, ಮುಕ್ಕಾಲು ಮೀಟರ್‌ಗಿಂತ ಸ್ವಲ್ಪ ಕಡಿಮೆ ಅಗಲ. ಕಂದು, ಬೂದಿ, ಕಪ್ಪು, ಅಲ್ಲಲ್ಲಿ ಮಾಸಲು ಬಿಳಿ. ಚಿಕ್ಕ ಚಿಕ್ಕ ತುಂಡುಗಳು, ಒಡೆದ ಹೆಂಚಿನ ಚೂರುಗಳನ್ನು ಒಂದರ ಮೇಲೊಂದು ಜೋಡಿಸಿದಂತೆ. ಹೆಸರು ಓದಿದಾಗ ಆಶ್ಚರ್ಯವಾಯಿತು. ಡೇನಿಯಲ್ ಹೆನ್ರಿ ಕಾನ್‌ವೈಲರ್ ಅವರ ಭಾವಚಿತ್ರ. ಬರೆದವರು ಪಾಬ್ಲೊ ಪಿಕಾಸೊ, 1910.

ಭಾವಚಿತ್ರ! ಹಾಗಾದರೆ ಮುಖ ಎಲ್ಲಿ?

ಅಳಿಯ ಕೇಳಿದರು, "ಇದನ್ನು ಯಾರು ಬೇಕಾದರೂ ಬರೀಬಹುದು, ಅಲ್ವಾ ಅತ್ತೆ?" ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮುಖ ಬರೆಯಲು ಬಾರದವರು ಹೀಗೆ ಬರೆದರೇ ಅನ್ನುವ ಅನುಮಾನ ಯಾರಿಗಾದರೂ ಬರುತ್ತದೆ. ಆದರೆ ಅದೇ ಮ್ಯೂಸಿಯಂನಲ್ಲಿ ಅವರದೇ ಇನ್ನೊಂದು ಚಿತ್ರ ಇದೆ. ಗಿಟಾರ್ ಹಿಡಿದು ಕಾಲು ಮಡಿಸಿ ಕೂತ ಕುರುಡು ಮುದುಕ, ಇಡೀ ಚಿತ್ರವೇ ನೀಲಿ. ಅದು 1903-04ರದ್ದು. ಆ ಮುದುಕನ ಬೆರಳಿನ ಗೆಣ್ಣು, ಕತ್ತಿನ ಎಲುಬು, ಬಟ್ಟೆಯ ಹರುಕು ಎಲ್ಲ ಎಣಿಸುವಷ್ಟು ಸ್ಪಷ್ಟ. ಹೀಗೆ ಬರೆಯಬಲ್ಲ ಮನುಷ್ಯ ಆರೇಳು ವರ್ಷದ ನಂತರ ಬೇಕೆಂದೇ ಹಾಗೆ ಬರೆದಿದ್ದಾರೆ. ಯಾಕೆ?

ಆ ದಿನ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಹೊರಡುವಾಗ ಎಡಗಡೆ ಮೇಲ್ಭಾಗದಲ್ಲಿ ಮುಖದಂತಹ ಒಂದು ಆಕಾರ ಕಂಡಿತು. ಅದೇ ಅವರ ಮುಖ ಅಂದುಕೊಂಡೆ. ಅದು ತಪ್ಪು ಅಂತ ಗೊತ್ತಾದದ್ದು ಆಮೇಲೆ.

ರಾತ್ರಿ ಮನೆಯಲ್ಲಿ ಮಗಳು ಫೋನಿನಲ್ಲಿ ಹುಡುಕಿ ಹುಡುಕಿ ಓದಿ ಹೇಳಿದಳು. ಕಾನ್‌ವೈಲರ್ ಹುಟ್ಟಿದ್ದು 1884ರಲ್ಲಿ, ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ. ಮನೆಯವರು ಅವರನ್ನು ಬ್ಯಾಂಕಿನ ಕೆಲಸಕ್ಕೆ ತಯಾರು ಮಾಡಿದ್ದರು. ಅದನ್ನು ಬಿಟ್ಟು 1907ರಲ್ಲಿ ಪ್ಯಾರಿಸ್‌ನ ರೂ ವಿನ್ಯೋನ್ ಬೀದಿಯಲ್ಲಿ ಪುಟ್ಟ ಚಿತ್ರದಂಗಡಿ ಇಟ್ಟರು. ಆಗ ಅವರಿಗೆ ಇನ್ನೂ ಇಪ್ಪತ್ಮೂರು. ಜನ ಮುಖ ತಿರುಗಿಸುತ್ತಿದ್ದ ಚಿತ್ರಗಳನ್ನು ಕೊಂಡು ಇಟ್ಟುಕೊಂಡರು. ಪಿಕಾಸೊ, ಬ್ರಾಕ್ ಅನ್ನುವ ಇನ್ನೊಬ್ಬ ಚಿತ್ರಕಾರ ಇಬ್ಬರೂ ಸೇರಿ ಹೊಸದೇನೋ ಹುಡುಕುತ್ತಿದ್ದ ಕಾಲ ಅದು. ಆಮೇಲೆ ಅದಕ್ಕೆ ಕ್ಯೂಬಿಸಂ ಅಂತ ಹೆಸರು ಬಂತು. ಹಾಗೆ ನೋಡಿದರೆ ಇದು ಚಿತ್ರಕಾರ ತನ್ನ ಮೇಲೆ ನಂಬಿಕೆ ಇಟ್ಟ ಅಂಗಡಿಯವನನ್ನು ಕೂರಿಸಿ ಬರೆದ ಚಿತ್ರ.

ಮುಂದಿನ ವಿಷಯ ಕೇಳಿ ನನಗೆ ನಿದ್ದೆ ಬರಲಿಲ್ಲ. ಈ ಚಿತ್ರಕ್ಕಾಗಿ ಕಾನ್‌ವೈಲರ್ ಇಪ್ಪತ್ತು ಮೂವತ್ತು ಸಲ ಬಂದು ಕೂತಿದ್ದರಂತೆ. ಅದೇ ಸಮಯದಲ್ಲಿ ಪಿಕಾಸೊ ಅದೇ ಸ್ಟುಡಿಯೊದಲ್ಲಿ ಅವರ ಫೋಟೊವನ್ನೂ ತೆಗೆದಿದ್ದರು. ಮಗಳು ತೋರಿಸಿದಳು. ಸೂಟು ತೊಟ್ಟ ಯುವಕ, ಅಚ್ಚುಕಟ್ಟಾದ ಬಟ್ಟೆ, ಎಲ್ಲವೂ ಸ್ಪಷ್ಟ. ಒಳ್ಳೆಯ ಫೋಟೊ.

ಕೈಯಲ್ಲಿ ಕ್ಯಾಮೆರಾ ಇದ್ದ ಮನುಷ್ಯ! ಹೋಲಿಕೆ ಬೇಕಿದ್ದರೆ ಒಂದು ಕ್ಷಣದಲ್ಲಿ ಸಿಗುತ್ತಿತ್ತು, ಸಿಕ್ಕಿಯೂ ಇತ್ತು. ಮತ್ತೆ ಮೂವತ್ತು ಸಲ ಕೂರಿಸಿದ್ದು ಏನಕ್ಕೆ? ನಮ್ಮ ಸ್ಟುಡಿಯೊದಲ್ಲಿ ಶಟರ್ ತೆರೆದು ಮುಚ್ಚುತ್ತಿದ್ದದ್ದು ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ. ಇಪ್ಪತ್ತೆರಡು ವರ್ಷ ಆ ಒಂದು ಭಾಗವನ್ನೇ ಮನುಷ್ಯನ ಮುಖ ಅಂತ ನಂಬಿ ಕೆಲಸ ಮಾಡಿದ್ದೆ. ಅದಕ್ಕೇ ಆ ಪ್ರಶ್ನೆ ನನಗೆ ಅಷ್ಟು ತಾಗಿತು. ಮಗಳಿಗೆ ಹೇಳಿದೆ, "ನನ್ನನ್ನು ಇನ್ನೊಂದು ಸಲ ಅಲ್ಲಿಗೆ ಕರೆದುಕೊಂಡು ಹೋಗೇ. ಆ ಒಂದು ಚಿತ್ರ ಸಾಕು."

ಎರಡನೇ ಸಲ ಹೋದದ್ದು ಒಂದು ಶುಕ್ರವಾರ. ಜನ ಕಡಿಮೆ. ಮಗಳು ತನ್ನ ಪಾಡಿಗೆ ಬೇರೆ ಕೋಣೆಗಳಿಗೆ ಹೋದಳು. ನಾನು ಒಂದು ಚಿಕ್ಕ ನೋಟ್‌ಬುಕ್ಕು, ಪೆನ್ಸಿಲ್ ಹಿಡಿದು ನಿಂತೆ. ಮೊದಲು ದೂರದಿಂದ ನೋಡಿದೆ. ಕಣ್ಣು ಅರ್ಧ ಮುಚ್ಚಿದೆ. ಇದು ನಮ್ಮವರು ಕಲಿಸಿದ್ದು. ಕಣ್ಣು ಕಿರಿದು ಮಾಡಿದರೆ ಸಣ್ಣಪುಟ್ಟದ್ದೆಲ್ಲ ಅಳಿಸಿ, ಬೆಳಕು ನೆರಳು ಮಾತ್ರ ಉಳಿಯುತ್ತದೆ. ಆಗ ಕೂತ ಮನುಷ್ಯನ ಮೊತ್ತ ಕಂಡಿತು. ಮೇಲೆ ಕಿರಿದು, ಕೆಳಗೆ ಅಗಲ. ತಲೆ, ಭುಜ, ಮಡಿಲು. ಸ್ಟುಡಿಯೊದಲ್ಲಿ ಸ್ಟೂಲ್ ಮೇಲೆ ಕೂರಿಸಿದಾಗ ಮನುಷ್ಯರು ಹೀಗೇ ಕಾಣುವುದು.

ಆಮೇಲೆ ಹತ್ತಿರ ಹೋದೆ. ಒಂದೊಂದಾಗಿ ಸಿಕ್ಕವು. ತಲೆಯ ಮೇಲೆ ಒತ್ತೊತ್ತಾಗಿ ಎಳೆದ ಬಾಗು ಗೆರೆಗಳು, ಅವು ಬಾಚಿದ ಕೂದಲಿನ ಅಲೆ. ಅದರ ಕೆಳಗೆ ಕಣ್ಣಿನ ಗುರುತು, ಮೂಗಿನ ಚೂಪು. ಕೊರಳ ಹತ್ತಿರ ಟೈ ಗಂಟು. ಹೊಟ್ಟೆಯ ಮೇಲೆ ಜೋತ ಒಂದು ಚಿಕ್ಕ ಕಮಾನು, ಅದು ಜೇಬುಗಡಿಯಾರದ ಸರಪಳಿ. ಕೆಳಗೆ ನಡುವೆ ಒಂದರ ಮೇಲೊಂದು ಕಟ್ಟಿದ ಕೈಗಳು. ಎಡಗಡೆ ಕೆಳಗೆ ಬಾಟಲಿ. ಮೊದಲ ದಿನ ನಾನು ಮುಖ ಅಂದುಕೊಂಡದ್ದು ಪಿಕಾಸೊ ಸ್ಟುಡಿಯೊದಲ್ಲಿ ಇಟ್ಟುಕೊಂಡಿದ್ದ ಒಂದು ಮರದ ಬೊಂಬೆಯಂತೆ. ಶಾಂತಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ್ದು ಎಂದು ತಿಳಿದವರು ಹೇಳುತ್ತಾರೆ.

ಎಲ್ಲ ಸಿಕ್ಕಿತು ಅಂತ ಖುಷಿಯಾಯಿತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೂದಲು, ಕಣ್ಣು, ಟೈ, ಸರಪಳಿ, ಕೈ. ಬರೆದು ಮುಗಿಸಿ ತಲೆ ಎತ್ತಿದೆ. ಚಿತ್ರದಲ್ಲಿ ನಾನು ಬರೆದುಕೊಂಡದ್ದು ಹತ್ತರಲ್ಲಿ ಒಂದು ಭಾಗವೂ ಆಗಿರಲಿಲ್ಲ. ಉಳಿದದ್ದೆಲ್ಲ ಆ ಚೂರುಗಳು. ಅವುಗಳ ಬಗ್ಗೆ ನನಗೆ ಹೇಳಲು ಏನೂ ಇರಲಿಲ್ಲ. ಇದು ಒಗಟಾಗಿದ್ದರೆ ಬಿಡಿಸಿದ ಮೇಲೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಸಾಮಾನ್ಯವಾಗಿ ಇದಕ್ಕೆ ಒಂದು ವಿವರಣೆ ಕೊಡುತ್ತಾರೆ. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಕಂಡದ್ದನ್ನೆಲ್ಲ ಒಟ್ಟಿಗೆ ಒಂದೇ ಚಿತ್ರದಲ್ಲಿ ಬರೆದರು ಅಂತ. ಮಗಳೂ ಅದನ್ನೇ ಓದಿ ಹೇಳಿದ್ದಳು. ಚಿತ್ರದ ಮುಂದೆ ನಿಂತು ಪರೀಕ್ಷೆ ಮಾಡಿದೆ. ನನಗೆ ಅದು ಅರ್ಧ ಮಾತ್ರ ಸರಿ ಅನಿಸಿತು. ಹಾಗಿದ್ದರೆ ಇದು ಎಡ ಕೆನ್ನೆ, ಇದು ಪಕ್ಕದಿಂದ ಕಂಡ ಕಿವಿ ಅಂತ ಚೂರುಗಳನ್ನು ಬಿಡಿಸಿ ಇಡಲು ಬರಬೇಕಿತ್ತು. ಬರುವುದಿಲ್ಲ. ಭುಜ ಎಲ್ಲಿ ಮುಗಿಯುತ್ತದೆ, ಹಿಂದಿನ ಗೋಡೆ ಎಲ್ಲಿ ಶುರುವಾಗುತ್ತದೆ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕೋಟಿನ ಚೂರು ಗೋಡೆಗೆ ಸೋರುತ್ತದೆ, ಗೋಡೆ ಕೋಟಿನೊಳಗೆ ಬರುತ್ತದೆ.

ಕಾನ್‌ವೈಲರ್ ಅವರೇ ಆಮೇಲೆ ಕ್ಯೂಬಿಸಂ ಬಗ್ಗೆ ಬರೆದರು. 1910ರ ಬೇಸಿಗೆಯಲ್ಲಿ ಪಿಕಾಸೊ ಸ್ಪೇನಿನ ಸಮುದ್ರದಂಡೆಯ ಕಡಾಕೆಸ್ ಊರಿಗೆ ಹೋಗಿದ್ದರು. ವಸ್ತುಗಳಿಗೆ ಸುತ್ತ ಇರುವ ಮುಚ್ಚಿದ ಅಂಚನ್ನು ಒಡೆದು ತೆರೆದದ್ದು ಆಗಲೇ ಅನ್ನುವುದು ಅವರ ಮಾತಿನ ಸಾರ. ಅಲ್ಲಿಂದ ಬಂದ ಮೇಲೆ ಶರತ್ಕಾಲದಲ್ಲಿ ಬರೆದದ್ದು ಈ ಚಿತ್ರ. ಬರೆಸಿಕೊಂಡವರೇ ಅಷ್ಟು ಸ್ಪಷ್ಟವಾಗಿ ಹೇಳಿದ್ದಾರೆ, ಆದರೆ ಮಾತು ಗೊತ್ತಾದರೂ ಕಣ್ಣಿಗೆ ಇನ್ನೂ ಹತ್ತಿರಲಿಲ್ಲ.

ಹತ್ತಿದ್ದು ರೈಲಿನಲ್ಲಿ ವಾಪಸು ಬರುವಾಗ. ನಾನು ತೆಗೆದ ಫೋಟೊವನ್ನು ಮಗಳು ಫೋನಿನಲ್ಲಿ ದೊಡ್ಡದು ಚಿಕ್ಕದು ಮಾಡುತ್ತಿದ್ದಳು. "ಅಮ್ಮ, ಇದನ್ನು ನೆಗೆಟಿವ್ ಮಾಡಿ ಕೊಡಲಾ? ನಿಂಗೆ ಹಾಗಾದರೆ ಕಾಣಿಸಬಹುದು" ಅಂದಳು. ಸಣ್ಣವಳಿದ್ದಾಗ ನನ್ನ ಮೇಜಿನ ಪಕ್ಕ ಕೂತು ಆಡುತ್ತಿದ್ದ ಮಗು. ಅವಳಿಗೆ ಮಾತ್ರ ಹೊಳೆಯುವಂಥ ಮಾತು ಅದು. ಏನೋ ಒತ್ತಿದಳು. ಕಪ್ಪು ಬಿಳಿ ಅದಲುಬದಲಾಯಿತು.

ನನ್ನ ಕೈ ತಾನೇ ಪೆನ್ಸಿಲ್ ಹಿಡಿಯುವ ಹಾಗೆ ಮಡಿಚಿತು.

ಪ್ರತಿ ಚೂರಿಗೂ ಒಂದು ಅಂಚು ಗಟ್ಟಿ. ಅಲ್ಲಿಂದ ಇನ್ನೊಂದು ಕಡೆಗೆ ಹೋಗುತ್ತಾ ಹೋಗುತ್ತಾ ಮಾಸಿ ಪಕ್ಕದ ಚೂರಿನಲ್ಲಿ ಕರಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು! ಹುಬ್ಬಿನ ಎಲುಬು ಹೀಗೇ, ಮೂಗಿನ ಪಕ್ಕದ ಗೆರೆ ಹೀಗೇ, ದವಡೆಯ ಕೆಳಗಿನ ನೆರಳು ಹೀಗೇ. ಒಂದು ಕಡೆ ಗಟ್ಟಿ, ಒಂದು ಕಡೆ ಕರಗುವುದು. ಮುಖವೆಂದರೆ ಇಂಥ ನೂರಾರು ತುಂಡುಗಳು. ಪೆನ್ಸಿಲ್ ಮೊನೆಯಿಂದ ಆ ಗಟ್ಟಿ ಅಂಚನ್ನು ತುಂಬಿ ತುಂಬಿ, ಎಲ್ಲ ಒಂದೇ ನುಣುಪು ಮಾಡುವುದೇ ನನ್ನ ಕೆಲಸವಾಗಿತ್ತು. ನಾನು ಅಳಿಸಿದ್ದನ್ನೆಲ್ಲ ಅವರು ಉಳಿಸಿದ್ದಾರೆ. ಉಳಿಸಿ, ನುಣುಪನ್ನು ಬಿಟ್ಟುಬಿಟ್ಟಿದ್ದಾರೆ.

ಇನ್ನೊಂದು ನೆನಪೂ ಆಗಲೇ ಬಂತು. ನಮ್ಮ ಸಾಗರದಲ್ಲಿ ಗುಡಿಗಾರರು ಗಂಧದ ಮರದಲ್ಲಿ ಮೂರ್ತಿ ಕೆತ್ತುತ್ತಾರೆ. ಕೆತ್ತನೆ ಅರ್ಧದಲ್ಲಿದ್ದಾಗ ನೋಡಿದ್ದೀರಾ? ಮೊದಲ ದಿನ ದೇವರಿಗೆ ಮೂಗು ಕಣ್ಣು ಇರುವುದಿಲ್ಲ. ಹಣೆಗೊಂದು ಚಪ್ಪಟೆ, ಕೆನ್ನೆಗೊಂದು ಚಪ್ಪಟೆ, ಗಲ್ಲಕ್ಕೊಂದು ಚಪ್ಪಟೆ. ಉಳಿ ಹೊಡೆದ ಗುರುತು ಹಾಗೇ ಇರುತ್ತದೆ. ಆದರೂ ಆ ಚಪ್ಪಟೆಗಳ ನಡುವೆ ಮುಖ ಬಂದುಬಿಟ್ಟಿರುತ್ತದೆ. ನಯ ಮಾಡುವುದು ಕೊನೆಗೆ. ಪಿಕಾಸೊ ಆ ನಯ ಮಾಡುವ ಕೊನೆಯ ಕೆಲಸಕ್ಕೆ ಹೋಗಲೇ ಇಲ್ಲ.

ಈಗ ಆ ಮೊಳೆಯ ಮಾತು. ಎಷ್ಟೋ ವರ್ಷದ ನಂತರ ಪಿಕಾಸೊ ಈ ಚಿತ್ರದ ಬಗ್ಗೆ ತಮ್ಮ ಸಂಗಾತಿಯಾಗಿದ್ದ ಚಿತ್ರಕಾರ್ತಿ ಫ್ರಾನ್ಸ್‌ವಾಸ್ ಜಿಲೊ ಅವರ ಹತ್ತಿರ ಮಾತಾಡಿದ್ದರಂತೆ. ಮೊದಲು ಬರೆದಾಗ ಇಡೀ ಚಿತ್ರ ಹೊಗೆಯಾಗಿ ಹೋಗಿಬಿಡುವ ಹಾಗಿತ್ತು. ಆದರೆ ತಾನು ಹೊಗೆ ಬರೆದರೂ ಅದಕ್ಕೆ ಮೊಳೆ ಹೊಡೆಯಲು ಬರಬೇಕು. ಅದಕ್ಕೇ ಕಣ್ಣಿನ ಸುಳಿವು, ಕೂದಲಿನ ಅಲೆ, ಕಿವಿಯ ತುದಿ, ಕಟ್ಟಿದ ಕೈಗಳನ್ನು ಸೇರಿಸಿದೆ ಅನ್ನುವ ಅರ್ಥದಲ್ಲಿ ಹೇಳಿದ್ದರಂತೆ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದೆಲ್ಲ ಆ ಮೊಳೆಗಳು. ಗೋಡೆಯಲ್ಲಿ ಮೊಳೆ ಎಣಿಸಿ ಫೋಟೊ ನೋಡಿದೆ ಅಂದುಕೊಂಡಿದ್ದೆ.

ಮೊಳೆ ಎಷ್ಟು ಮುಖ್ಯ ಅನ್ನುವುದು ನನಗೆ ಇನ್ನೊಂದು ಕಡೆಯಿಂದ ಗೊತ್ತಿತ್ತು. 1986 ಅಥವಾ 87 ಇರಬೇಕು. ಹಳ್ಳಿಯಿಂದ ಇಬ್ಬರು ಅಣ್ಣತಮ್ಮಂದಿರು ತಾಯಿಯನ್ನು ಕರೆದುಕೊಂಡು ಬಂದರು. ದೊಡ್ಡ ಸೈಜಿನ ಫೋಟೊ ಬೇಕಿತ್ತು. ಅಜ್ಜಿಯ ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗೀರು, ಮುಖದ ತುಂಬ ಸುಕ್ಕು. ನಾನು ಮನಸ್ಸಿಟ್ಟು ಟಚಿಂಗ್ ಮಾಡಿದೆ. ಗೀರನ್ನು ಪೂರ್ತಿ ತುಂಬಿದೆ. ವಾರದ ನಂತರ ಬಂದರು. ಅಜ್ಜಿ ಫೋಟೊ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ ಕೇಳಿದರು, "ಇದು ಯಾರೇ ತಂಗೀ?"

ನಿಜವಾಗಿಯೂ ಗುರುತು ಸಿಗದೆ ಕೇಳಿದ್ದು. ದೊಡ್ಡ ಮಗ "ಹುಬ್ಬಿನ ಗೀರು ಎಲ್ಲಿ ಹೋಯ್ತು ಅಮ್ಮಾ?" ಅಂದ, ನನ್ನ ಕಡೆ ನೋಡುತ್ತಾ. ಟಚಿಂಗ್‌ನಲ್ಲಿ ಒಂದು ಒಳ್ಳೆಯದಿದೆ, ಟರ್ಪಂಟೈನ್ ಹಚ್ಚಿದ ಹತ್ತಿಯಲ್ಲಿ ಒರೆಸಿದರೆ ಪೆನ್ಸಿಲ್ ಎಲ್ಲ ಹೋಗುತ್ತದೆ. ಒರೆಸಿದೆ. ಕಣ್ಣ ಕೆಳಗೆ ಮಾತ್ರ ಸ್ವಲ್ಪ ತುಂಬಿ ಬೇರೆ ಪ್ರಿಂಟ್ ಹಾಕಿಸಿದೆ. ಆಮೇಲೆ ಟಚಿಂಗ್‌ಗೆ ಕೂರುವ ಮೊದಲು ಮನೆಯವರನ್ನು ಒಂದು ಮಾತು ಕೇಳುವ ಅಭ್ಯಾಸ ಬಂತು. ಯಾವುದು ಬೇಕು, ಯಾವುದು ಬೇಡ? ಜಾಸ್ತಿ ಜನ ಎಲ್ಲ ತೆಗೆದುಬಿಡಿ ಅನ್ನುತ್ತಿದ್ದರು.

ಮೂರನೇ ಸಲ ಒಬ್ಬಳೇ ಹೋದೆ. ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು ಆಡಮ್ಸ್ ಬೀದಿ ಹಿಡಿದು ನೇರ ನಡೆದರೆ ಸಿಂಹಗಳ ಎದುರಿಗೇ ಹೋಗಿ ನಿಲ್ಲುತ್ತೇವೆ. ಮಗಳು ದಾರಿಯುದ್ದಕ್ಕೂ ಮೂರು ಸಲ ಫೋನು ಮಾಡಿದಳು.

ಆ ದಿನ ಏನನ್ನೂ ಹುಡುಕಲಿಲ್ಲ. ಒಂದು ಗಂಟೆ ಕೂತು, ನಿಂತು ನೋಡಿದೆ. ಕೂತ ಮನುಷ್ಯನನ್ನು ಮೂವತ್ತು ಸಲ ನೋಡುವುದೆಂದರೆ ಏನು ಅಂತ ಯೋಚಿಸಿದೆ. ಒಂದು ಸಲ ಬಂದಾಗ ಮೋಡ, ಇನ್ನೊಂದು ಸಲ ಬಿಸಿಲು. ಒಂದು ದಿನ ಮಾತು ಹೆಚ್ಚು, ಒಂದು ದಿನ ಸುಸ್ತು. ತಲೆ ಒಂಚೂರು ವಾಲುತ್ತದೆ, ಉಸಿರಿಗೆ ಎದೆ ಏಳುತ್ತದೆ. ಇದನ್ನೆಲ್ಲ ನಿಲ್ಲಿಸಲೆಂದೇ ನಮ್ಮವರು "ಅಲುಗಬೇಡಿ, ಗಲ್ಲ ಸ್ವಲ್ಪ ಕೆಳಗೆ" ಅನ್ನುತ್ತಿದ್ದದ್ದು. ಈ ಚಿತ್ರದಲ್ಲಿ ಬೆಳಕು ಒಂದೇ ದಿಕ್ಕಿನಿಂದ ಬಂದಿಲ್ಲ. ಒಂದು ಚೂರಿಗೆ ಎಡದಿಂದ, ಅದರ ಪಕ್ಕದ್ದಕ್ಕೆ ಬಲದಿಂದ. ಫೋಟೊದಲ್ಲಿ ಹೀಗಾದರೆ ತಪ್ಪು. ಇಲ್ಲಿ ನನಗೆ ಅದು ಬೇರೆ ಬೇರೆ ದಿನಗಳ ಬೆಳಕಿನ ಹಾಗೆ ಕಂಡಿತು. ಪಿಕಾಸೊ ಹಾಗೆ ಅಂದುಕೊಂಡು ಬರೆದರು ಅಂತ ನಾನು ಹೇಳುತ್ತಿಲ್ಲ. ಬೆಳಕಿನ ಜೊತೆ ಬದುಕಿದವಳ ಕಣ್ಣಿಗೆ ಹಾಗೆ ಕಂಡಿತು, ಅಷ್ಟೇ. ಬಣ್ಣವನ್ನು ಕಂದು, ಬೂದಿಗೆ ಇಳಿಸಿದ್ದೂ ಆಗ ಸರಿ ಅನಿಸಿತು. ಬಣ್ಣ ಇದ್ದಿದ್ದರೆ ಕಣ್ಣು ಅದರ ಹಿಂದೆ ಹೋಗುತ್ತಿತ್ತು. ಕಪ್ಪು ಬಿಳುಪು ಫೋಟೊದಲ್ಲಿ ಮುಖ ಎದ್ದು ಕಾಣುವುದು ಇದೇ ಕಾರಣಕ್ಕೆ.

ಆಮೇಲೆ ಕೈಗಳ ಹತ್ತಿರ ಬಂದೆ. ಯಾರೂ ಹೇಳದೆ ನನಗೆ ಕಂಡದ್ದು ಇದೊಂದೇ. ಇಡೀ ಚಿತ್ರದಲ್ಲಿ ಮುಖಕ್ಕಿಂತ ಕೈ ಗಟ್ಟಿಯಾಗಿವೆ. ಮುಖ ಹೊಗೆ, ಕೈ ಮಾತ್ರ ಮನುಷ್ಯನ ಕೈ. ಬೆಳ್ಳಗೆ, ಶಾಂತವಾಗಿ, ಒಂದರೊಳಗೊಂದು ಸೇರಿ ಮಡಿಲಲ್ಲಿ ಕೂತಿವೆ. ಯಾಕೆ ಹೀಗೆ?

ಸ್ಟುಡಿಯೊದಲ್ಲಿ ಎಲ್ಲಕ್ಕಿಂತ ದೊಡ್ಡ ತೊಂದರೆ ಕೈಗಳದ್ದು. ಫೋಟೊಗೆ ಕೂತವರಿಗೆ ಕೈ ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ. ಮೊಣಕಾಲಿನ ಮೇಲಿಟ್ಟರೆ ಬೆರಳು ಸೆಟೆಯುತ್ತದೆ, ಬಿಟ್ಟರೆ ಜೋತು ಬೀಳುತ್ತದೆ. ಮುಖಕ್ಕೆ ನಗು ತರಿಸಬಹುದು, ಕೈಗೆ ಏನು ಹೇಳಿದರೂ ಕೇಳುವುದಿಲ್ಲ. ಅದಕ್ಕೇ ಮಕ್ಕಳಿಗೆ ಪ್ಲಾಸ್ಟಿಕ್ ಹೂವು ಕೊಡುತ್ತಿದ್ದೆವು, ದೊಡ್ಡವರಿಗೆ ಪುಸ್ತಕ. ಕೈ ತಾನಾಗಿ ಸಮಾಧಾನ ಆಗಬೇಕಾದರೆ ಮನುಷ್ಯ ಬಹಳ ಹೊತ್ತು ಅಲ್ಲಿ ಕೂತಿರಬೇಕು. ಎದುರಿಗೆ ಇರುವವರ ಮೇಲೆ ನಂಬಿಕೆ ಇರಬೇಕು. ಕಾನ್‌ವೈಲರ್ ಕೈಗಳು ಮೊದಲ ದಿನದ ಕೈಗಳಲ್ಲ. ಎಷ್ಟೋ ಸಲ ಬಂದು ಕೂತು ರೂಢಿಯಾದ ಮನುಷ್ಯನ ಕೈಗಳು. ಆ ನಂಬಿಕೆಯನ್ನು ನಾನು ಆ ಚಿತ್ರದಲ್ಲಿ ಕಂಡೆ. ಫೋನಿನಲ್ಲಿ ನೋಡಿದ ಫೋಟೊದಲ್ಲಿ ನನಗೆ ಅದು ಕಂಡಿರಲಿಲ್ಲ.

ಮುಂದೆ ಅವರ ಪಾಲಿಗೆ ಬಂದದ್ದು ಒಳ್ಳೆಯ ಕಾಲವಲ್ಲ. 1914ರಲ್ಲಿ ಯುದ್ಧ ಬಂತು. ಫ್ರಾನ್ಸಿಗೆ ಅವರು ಶತ್ರುದೇಶದವರಾದರು. ಸರ್ಕಾರ ಅವರ ಅಂಗಡಿಯ ಚಿತ್ರಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿತು. 1921ರಿಂದ 23ರವರೆಗೆ ಪ್ಯಾರಿಸ್‌ನಲ್ಲಿ ಹರಾಜು ಹಾಕಿತು. ಆ ಹರಾಜಿನಲ್ಲಿ ಈ ಭಾವಚಿತ್ರವೂ ಹೋಯಿತು. ಇಷ್ಟು ಕೂತು ಬರೆಸಿಕೊಂಡ ತನ್ನದೇ ಚಿತ್ರ! ಎರಡನೇ ಯುದ್ಧದಲ್ಲಿ ಯಹೂದಿ ಅನ್ನುವ ಕಾರಣಕ್ಕೆ ಊರು ಬಿಟ್ಟು ಅಡಗಿ ಇರಬೇಕಾಯಿತು. ಅಷ್ಟೆಲ್ಲ ಆದರೂ ಚಿತ್ರದ ವ್ಯಾಪಾರ ಬಿಡಲಿಲ್ಲ, ಪಿಕಾಸೊ ಜೊತೆಗಿನ ನಂಟೂ ಉಳಿಯಿತು. 1979ರಲ್ಲಿ ತೀರಿಕೊಂಡರು. ಚಿತ್ರ ಕೈಯಿಂದ ಕೈಗೆ ದಾಟಿ 1948ರಲ್ಲಿ ದಾನವಾಗಿ ಶಿಕಾಗೊದ ಈ ಮ್ಯೂಸಿಯಂಗೆ ಬಂದಿತ್ತು. ನಮ್ಮ ಸ್ಟುಡಿಯೊದಲ್ಲೂ ಹಣ ಕೊಟ್ಟು ಹೋದವರು ಮತ್ತೆ ಬಾರದೆ ಉಳಿದ ಫೋಟೊಗಳ ಒಂದು ಡಬ್ಬಿ ಇತ್ತು. ನಮ್ಮವರು ಅದನ್ನು ಎಸೆಯಲು ಬಿಡುತ್ತಿರಲಿಲ್ಲ.

ಹೊರಡುವ ಮುಂಚೆ ನೋಟ್‌ಬುಕ್ಕಿನಲ್ಲಿ ಆ ಕೈಗಳನ್ನು ಬರೆಯಲು ನೋಡಿದೆ. ನಾಲ್ಕು ಸಲ ಬರೆದೆ. ಪ್ರತಿ ಸಲ ನನ್ನ ಪೆನ್ಸಿಲ್ ಹಳೇ ಚಾಳಿಗೆ ಅಂಚುಗಳನ್ನು ನಯ ಮಾಡಲು ಹೋಯಿತು. ಐದನೇ ಸಲ ಅಂಚುಗಳನ್ನು ಮಾತ್ರ ಎಳೆದು ಬಿಟ್ಟೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಊರಿಗೆ ಬಂದ ಮೇಲೆ ಅಟ್ಟದಿಂದ ನೆಗೆಟಿವ್ ಡಬ್ಬಿಗಳನ್ನು ಇಳಿಸಿದೆ. ನಮ್ಮವರು ಹೋಗಿ ಆರು ವರ್ಷವಾಯಿತು, ಅಲ್ಲಿಂದ ಅವನ್ನು ಮುಟ್ಟಿರಲಿಲ್ಲ. ಕೆಲವು ಅಂಟಿಕೊಂಡು ಹಾಳಾಗಿವೆ. ನಮ್ಮ ಅತ್ತೆಯದ್ದು ಚೆನ್ನಾಗಿಯೇ ಇತ್ತು. ನಡುಮನೆಯಲ್ಲಿ ಹಾರ ಹಾಕಿರುವ ಅವರ ಫೋಟೊ ಅದರದ್ದೇ. ನಾನು ಎರಡು ದಿನ ಕೂತು ಟಚಿಂಗ್ ಮಾಡಿದ್ದು. ಅತ್ತೆಗೆ ಹುಬ್ಬುಗಳ ನಡುವೆ ಎರಡು ಉದ್ದ ಗೆರೆ ಇದ್ದವು. ಲೆಕ್ಕ ಬರೆಯುವಾಗ, ಹಾಲು ಕಾಯುವಾಗ, ನನ್ನ ಮೇಲೆ ಸಿಟ್ಟಾದಾಗ ಅವು ಆಳವಾಗುತ್ತಿದ್ದವು. ಫೋಟೊದಲ್ಲಿ ಅವಿಲ್ಲ. ಎಲ್ಲರೂ ಚೆನ್ನಾಗಿ ಬಂದಿದೆ ಅಂದಿದ್ದರು. ನಮ್ಮವರು ಮಾತ್ರ ಏನೂ ಅಂದಿರಲಿಲ್ಲ.

ಮೇಜು ಈಗಿಲ್ಲ. ನೆಗೆಟಿವ್ ಅನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಹತ್ತಿಗೆ ಟರ್ಪಂಟೈನ್ ಹಚ್ಚಿ ನಿಧಾನವಾಗಿ ಹಣೆಯಿಂದ ಕೆಳಕ್ಕೆ ಒರೆಸಿದೆ. ಹತ್ತಿ ಬೂದಿ ಬಣ್ಣಕ್ಕೆ ತಿರುಗಿತು. ಇನ್ನೊಂದು ಹತ್ತಿ ತೆಗೆದುಕೊಂಡೆ. ಹುಬ್ಬುಗಳ ನಡುವೆ ಎರಡು ತೆಳು ಗೆರೆಗಳಲ್ಲಿ ಬೆಳಕು ಬಂತು. ಪ್ರಿಂಟ್ ಹಾಕಿಸುವ ತನಕ ಕಾಯಬೇಕಾಗಲಿಲ್ಲ. ಕೂದಲು ಬೆಳ್ಳಗೆ, ಮುಖ ಕಪ್ಪು, ಅತ್ತೆಯೇ.